ಗದಿಗೆಪ್ಪನ ಮೆತ್ತನೆ ಗುಂಡು

ಖಂಡೇಪೂಜೆಯ ದಿನ ಬೆಳಿಗ್ಗೆ ದಾನವ್ವ ಬಂದು ಗದಿಗೆಪ್ಪನ ಅಚ್ಚಿಗೆ ಶೇಂಗಾ ಎಣ್ಣೆ ಸವರದೆ ಇದ್ದಿದ್ದರೆ ಅವನ ದಿನ ಬೇರೆ ಥರ ಕಳೆಯುತ್ತಿತ್ತೋ ಏನೋ. ಆದರೆ ದಾನವ್ವನ ಕೈ ತಡೆಯುವವರು ಬೆಳಗಾವಿಯಲ್ಲೂ ಇರಲಿಲ್ಲ, ಕಡಲಾಚೆಯ ಈ ಎಟೋಬಿಕೋಕ್‌ನಲ್ಲೂ ಇಲ್ಲ. ಎಪ್ಪತ್ತು ದಾಟಿದ ಈ ಮುದುಕಿ ಪಕ್ಕದ ಮನೆಯಲ್ಲಿ ಮಗಳೊಂದಿಗೆ ಇದ್ದಾಳೆ. ಹೆಸರಿಗೆ ಮಾತ್ರ ಪಕ್ಕದ ಮನೆ, ದಿನವಿಡೀ ಇರುವುದು ಇಲ್ಲೇ.

ಗದಿಗೆಪ್ಪ ಗರಾಜಿನಲ್ಲಿ ಒಂದು ಮಣೆಯ ಮೇಲೆ ತನ್ನ ಆಯುಧಗಳನ್ನೆಲ್ಲ ಪೂಜೆಗೆ ಜೋಡಿಸಿಟ್ಟಿದ್ದ. ಸೀಸ ಕರಗಿಸುವ ಪಾತ್ರೆ, ಉದ್ದ ಹಿಡಿಯ ಸೌಟು, ಮತ್ತು ಎರಡು ಹೋಳಿನ ಕಬ್ಬಿಣದ ಅಚ್ಚು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಚ್ಚು ಫಳಫಳ ಹೊಳೆಯುತ್ತಿತ್ತು, ಮೇಲೊಂದು ಕುಂಕುಮದ ಬೊಟ್ಟು.

"ಯವ್ವಾ, ಇದಕ್ಕೇನ್ ಹಚ್ಚೀಯಬೇ?"

"ಎಣ್ಣಿ ಕುಡಿಸೇನೋ ತಮ್ಮಾ. ಹೊಸಾ ಪಡ್ಡಿನ ಹಂಚು ಹಂಗ ಒಣಾ ಇಟ್ರ ಹಿಟ್ಟು ಹಿಡಕೋತೈತಿ. ಮೊದಲ ಉಳ್ಳಾಗಡ್ಡಿ ಹಚ್ಚಿ ತಿಕ್ಕೇನಿ. ಆದ್ರ ಇಷ್ಟು ಸಣ್ಣ ಪಡ್ಡು ಯಾರು ತಿಂತಾರಂತ, ಅದೊಂದು ತಿಳೀವಲ್ದು."

ಗದಿಗೆಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅದು ಪಡ್ಡಿನ ಹಂಚಲ್ಲ, ಬಂದೂಕಿನ ಗುಂಡಿನ ಅಚ್ಚು. ಪಡ್ಡಿಗೆ ಎಣ್ಣೆ ಎಷ್ಟು ಹಿತವೋ ಗುಂಡಿಗೆ ಅಷ್ಟೇ ವೈರಿ. ಎಣ್ಣೆ ಮೆತ್ತಿದ ಅಚ್ಚಿಗೆ ಕಾದ ಸೀಸ ಹೊಯ್ದರೆ ಹೊಗೆಯೆದ್ದು, ಗುಂಡು ಬಾಡಿದ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿ ಹೊರಬೀಳುತ್ತದೆ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಅವನಿಗೆ ಸುಕ್ಕಿಲ್ಲದ ಇಪ್ಪತ್ತು ಗುಂಡು ಬೇಕಿತ್ತು.

ಅದಕ್ಕೆ ಕಾರಣ ವಾಲ್ಟರ್. ಗದಿಗೆಪ್ಪ ಇಪ್ಪತ್ತೆರಡು ವರ್ಷದಿಂದ ಎರಕ ಹೊಯ್ಯುತ್ತಿರುವ ಕಾರ್ಖಾನೆಯ ಹಳೆಯ ಮೇಸ್ತ್ರಿ, ಈಗ ನಿವೃತ್ತ, ಊರಾಚೆಯ ಬೇಟೆ ಕ್ಲಬ್ಬಿನ ಅಧ್ಯಕ್ಷ. ಮರುದಿನ ಬೆಳಿಗ್ಗೆ ಅವನು ಉತ್ತರಕ್ಕೆ ಕರಡಿ ಬೇಟೆಗೆ ಹೊರಡುವವನಿದ್ದ. ಅವನು ಬಳಸುವುದು ದೊಡ್ಡ ಬಾಯಿಯ ಕೈಬಂದೂಕಿಗೆಂದೇ ಹುಟ್ಟಿದ ದಪ್ಪ ತೋಟಾ. ಕೈಬಂದೂಕು ಹಿಡಿದು ಕಾಡಿಗೆ ಹೋಗಲು ಇಲ್ಲಿನ ಕಾನೂನು ಬಿಡುವುದಿಲ್ಲವಾದ್ದರಿಂದ ಅದೇ ತೋಟಾ ನುಂಗುವ ಗಿಡ್ಡ ರೈಫಲ್ಲು ಇಟ್ಟುಕೊಂಡಿದ್ದ. ಪ್ರತಿ ವರ್ಷ ಬೇಟೆಗೆ ಮುಂಚೆ ಕ್ಲಬ್ಬಿನಲ್ಲಿ ಗುಂಡುಗಳ ಪರೀಕ್ಷೆ ನಡೆಯುತ್ತದೆ. ಗೆದ್ದ ಗುಂಡನ್ನು ಎರಕ ಹೊಯ್ದವನ ಹೆಸರನ್ನು ಹಿತ್ತಾಳೆ ತಗಡಿನಲ್ಲಿ ಕೊರೆದು ಗೋಡೆಗೆ ಹೊಡೆಯುತ್ತಾರೆ.

ಗದಿಗೆಪ್ಪ ಎರಕ ಹೊಯ್ದ ಸಾಮಾನು ಲಕ್ಷಗಟ್ಟಲೆ ಕಾರುಗಳ ಹೊಟ್ಟೆಯಲ್ಲಿ ಓಡಾಡುತ್ತಿದೆ. ಒಂದರ ಮೇಲೂ ಅವನ ಹೆಸರಿಲ್ಲ. ಅವನಿಗೆ ಆ ತಗಡು ಬೇಕಿತ್ತು. ಅಂಗೈಯಗಲದ ಆ ತಗಡಿಗಾಗಿ ಎರಡು ವರ್ಷ ಸೀಸದ ಜೊತೆ ಎಷ್ಟು ತವರ ಬೆರೆಸಬೇಕು, ಗುಂಡಿನ ಮೂತಿ ಎಷ್ಟು ಚಪ್ಪಟೆ ಇರಬೇಕು, ತೂಕ ಎಷ್ಟಿರಬೇಕು ಎಂದು ನಿದ್ದೆಯಲ್ಲೂ ಕನವರಿಸಿದ್ದ. ಹೆಂಡತಿ ಜಯಶೀಲಾ ಮಾತ್ರ ಮೊದಲ ದಿನವೇ ಗೆರೆ ಎಳೆದಿದ್ದಳು.

"ಬೆಳ್ಳುಳ್ಳಿ ತಿನ್ನೂದಕ್ಕೂ ವಿಚಾರ ಮಾಡೂ ಮನಿತನ ನಮ್ದು. ಗುಂಡು ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅದರಿಂದ ಬಿದ್ದದ್ದು ನಿಮ್ಮ ಬಾಯಿಗೆ ಹೋತು ಅಂದ್ರ ಈ ಹೊಸ್ತಿಲಾ ದಾಟಬ್ಯಾಡ್ರಿ."

"ಹುಚ್ಚಿ, ಕಮ್ಮಾರ ಕುಡಗೋಲ ಮಾಡ್ತಾನ, ಬೆಳಿ ಕೊಯ್ಯಾಂವ ಬ್ಯಾರೆ. ನಾ ಬರೇ ಕಮ್ಮಾರ" ಎಂದು ಅವನು ಸಮಾಧಾನ ಹೇಳಿದ್ದ.

ಸ್ಪರ್ಧೆಗೆ ಇದ್ದವನು ಒಬ್ಬನೇ, ಶ್ರೀನಾಥ. ಬೆಂಗಳೂರಿನ ಹುಡುಗ, ಇಲ್ಲಿನ ಸರೋವರದ ದಂಡೆಯ ಎತ್ತರದ ಕಟ್ಟಡದಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವನು. ಎರಕದ ವಿದ್ಯೆ ಕಲಿತದ್ದು ಇದೇ ಗರಾಜಿನಲ್ಲಿ, ಗದಿಗೆಪ್ಪನ ಕೈಕೆಳಗೆ. ಕಲಿತು ಮೂರು ತಿಂಗಳಾಗುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ, "ಗುಂಡು ಹಾರ್ಡ್ ಇರ್ಬೇಕು ಸಾರ್, ಮದ್ದು ಜಾಸ್ತಿ ಇರ್ಬೇಕು, ಸ್ಪೀಡೇ ಎಲ್ಲಾ" ಎಂದು ಗುರುವಿಗೇ ಪಾಠ ಹೇಳತೊಡಗಿದ್ದ. ಗದಿಗೆಪ್ಪನದು ಬೇರೆ ಮತ. ಗುಂಡು ಭಾರ ಇರಬೇಕು, ಮೆತ್ತಗಿರಬೇಕು, ಮದ್ದು ಹಿತಮಿತವಾಗಿರಬೇಕು.

ಅಚ್ಚನ್ನು ಸೋಪು ಹಾಕಿ ತಿಕ್ಕಿದ್ದಾಯಿತು. ಕ್ಯಾಂಪಿಂಗ್ ಒಲೆಯ ಮೇಲೆ ಎರಡು ಸಲ ಕುದಿಸಿದ್ದಾಯಿತು. ಹನ್ನೊಂದು ಗಂಟೆಗೆ ಸೀಸ ಕರಗಿ ಕನ್ನಡಿಯಂತಾಯಿತು. ಅಚ್ಚಿನ ಸಂದಿಯಲ್ಲಿ ಅಡಗಿದ್ದ ಕೊನೆಯ ತೊಟ್ಟು ಎಣ್ಣೆ ಬಿಸಿಗೆ ಸುಟ್ಟು, ದಟ್ಟ ಹೊಗೆ ಗರಾಜಿನ ಬಾಗಿಲಿನಿಂದ ಬೀದಿಗೆ ನುಗ್ಗಿತು. ಹೊಗೆಯ ಹಿಂದೆಯೇ ದಾನವ್ವ ತುಂಬಿದ ಬಕೆಟ್ಟಿನೊಂದಿಗೆ ಬಂದಳು.

"ಸರಿಯೋ ತಮ್ಮಾ, ಬೆಂಕಿ ಹತ್ತೇತಿ."

ಕುದಿಯುವ ಸೀಸಕ್ಕೆ ನೀರು ಬಿದ್ದರೆ ಅದು ಬಾಂಬಿನಂತೆ ಸಿಡಿಯುತ್ತದೆ. ಗದಿಗೆಪ್ಪ ಎರಡೂ ಕೈ ಅಗಲಿಸಿ ಪಾತ್ರೆಗೆ ಅಡ್ಡ ನಿಂತ. "ಯವ್ವಾ, ಹಾಕೂದ ಇದ್ರ ನನ್ನ ಮ್ಯಾಲ ಹಾಕಬೇ, ಪಾತ್ರಿಗೆ ಬ್ಯಾಡ" ಎಂದ. ಹಿರಿಯರ ಮಾತು ತಪ್ಪಿದರೂ ಕಿರಿಯರ ಮಾತು ತಪ್ಪದ ದಾನವ್ವ ಹಾಗೆಯೇ ಮಾಡಿದಳು. ಅಕ್ಟೋಬರಿನ ಚಳಿಗೆ ಗದಿಗೆಪ್ಪನ ಹಲ್ಲು ಕಟಕಟ ಎಂದವು. ಆದರೂ ಸೀಸ ಉಳಿಯಿತು, ಮನೆ ಉಳಿಯಿತು, ಒಂದು ಗಂಟೆಗೆ ಇಪ್ಪತ್ತು ಗುಂಡುಗಳು ಬೆಳ್ಳಿಯ ಲಿಂಬೆಹಣ್ಣಿನಂತೆ ಸಾಲಾಗಿ ಕೂತವು. ಒಂದರ ಮೇಲೂ ಸುಕ್ಕಿರಲಿಲ್ಲ. ಅವನು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದ.

ಕ್ಲಬ್ಬಿನಲ್ಲಿ ವಾಲ್ಟರ್ ಎರಡೂ ಬಗೆಯ ಗುಂಡುಗಳಿಗೆ ತಾನೇ ಮದ್ದು ತುಂಬಿ ತೋಟಾ ಕಟ್ಟಿದ. ಮೂವತ್ತು ಜನ ಸದಸ್ಯರು ಕಾಫಿ ಹಿಡಿದು ನಿಂತಿದ್ದರು. ಮೊದಲು ಶ್ರೀನಾಥನವನ್ನು ಹಾರಿಸಿದ. ಗುರಿ ಹಲಗೆಯ ಕಾಗದದ ಮೇಲೆ ಐದು ತೂತುಗಳು ಅಂಗೈಯಗಲಕ್ಕೆ ಹರಡಿಕೊಂಡವು. ಕರಡಿಗೆ ಸಾಕು ಎಂದರು ಜನ. ಆಮೇಲೆ ಗದಿಗೆಪ್ಪನವು. ಐದು ಸಲ ಸದ್ದಾಯಿತು, ತೂತು ಮಾತ್ರ ಒಂದೇ. ನಾಲ್ಕು ಗುಂಡು ಗುರಿ ತಪ್ಪಿದವೆಂದು ಶ್ರೀನಾಥನ ಮುಖ ಅರಳಿತು. ವಾಲ್ಟರ್ ಕಾಗದ ತಂದು ತೋರಿಸಿದ. ಐದೂ ಒಂದೇ ತೂತಿನಲ್ಲಿ ಹಾದು ಹೋಗಿದ್ದವು.

ಮೂವತ್ತು ಜನರೂ ಚಪ್ಪಾಳೆ ತಟ್ಟಿದರು. ಗದಿಗೆಪ್ಪ ಎರಡು ಸಲ ಸೀನಿ, ಮೂಗೊರಸಿಕೊಂಡು, ಎದೆಯುಬ್ಬಿಸಿ ನಿಂತ. ತನ್ನ ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು.

ವಾಲ್ಟರ್ ಅವನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಹೇಳಿದ: "ಮುಂದಿನ ಶನಿವಾರ ಕ್ಲಬ್ಬಿನ ಊಟ. ತಗಡಿನ ಮೇಲೆ ಯಾರ ಹೆಸರಿದೆಯೋ ಅವನು ಎಲ್ಲರೆದುರು ನಿಂತು ಕರಡಿ ಮಾಂಸದ ಮೊದಲ ತುತ್ತು ತಿನ್ನಬೇಕು. ಅಲ್ಲಿಯವರೆಗೆ ಯಾರೂ ಚಮಚ ಮುಟ್ಟುವುದಿಲ್ಲ. ಒಮ್ಮೆ ಒಬ್ಬ ಒಲ್ಲೆನೆಂದ. ನೋಡು, ಆ ವರ್ಷದ ತಗಡು ಇನ್ನೂ ಖಾಲಿ ಇದೆ. ಇಲ್ಲಿ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ."

ಗದಿಗೆಪ್ಪನ ಎದೆ ಗಾಳಿ ಬಿಟ್ಟ ಟ್ಯೂಬಿನಂತಾಯಿತು. ಒಂದು ಕಡೆ ತಗಡಿನ ಗೋಡೆ, ಇನ್ನೊಂದು ಕಡೆ ಜಯಶೀಲಾಳ ಹೊಸ್ತಿಲು. ಅವನು ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನೇ ಬೈಯುವವನಂತೆ ತನ್ನ ಗುಂಡನ್ನು ತಾನೇ ಬೈಯಲು ಶುರುಮಾಡಿದ.

"ಇದು ಬರೀ ಕಾಗದದ ಹುಲಿ, ವಾಲ್ಟರ್. ನನ್ನ ಸೀಸ ವಿಪರೀತ ಮೆತ್ತಗೆ. ಬೆಳಿಗ್ಗೆ ಅಚ್ಚಿನಲ್ಲಿ ಎಣ್ಣೆ ಬೇರೆ ಇತ್ತು. ಕರಡಿಯ ಎಲುಬಿಗೆ ಬಡಿದರೆ ರೊಟ್ಟಿಯಾಗುತ್ತದೆ. ಶ್ರೀನಾಥನ ಗುಂಡು ಗಟ್ಟಿ. ಅವನದ್ದೇ ಒಯ್ಯಿ."

ಅದರಲ್ಲಿ ಎಣ್ಣೆಯ ಮಾತು, ಶ್ರೀನಾಥನ ಗುಂಡಿನ ಗಟ್ಟಿತನ ಬಿಟ್ಟರೆ ಮಿಕ್ಕಿದ್ದೆಲ್ಲ ಸುಳ್ಳು. ವಾಲ್ಟರ್ ತಲೆಯಾಡಿಸಿ, ಎರಕ ಹೊಯ್ದವನ ಮಾತಿಗಿಂತ ದೊಡ್ಡ ಪರೀಕ್ಷೆ ಇಲ್ಲವೆಂದು ಹೇಳಿ ಶ್ರೀನಾಥನ ಡಬ್ಬಿ ಎತ್ತಿಕೊಂಡ. ತಗಡಿಗೆ ಶ್ರೀನಾಥನ ಹೆಸರು ಬರೆದುಕೊಂಡರು. ಗದಿಗೆಪ್ಪ ತಾವಿಬ್ಬರೂ ಬಂದಿದ್ದ ಶ್ರೀನಾಥನ ಕಾರಿಗೆ ಹೋಗಿ ಕೂತ. ತಗಡು ಹೋದರೂ ಹೊಸ್ತಿಲು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ಐದು ಗುಂಡು ಒಂದೇ ತೂತಿನಲ್ಲಿ ಹೋದದ್ದಂತೂ ಮೂವತ್ತು ಜನ ಕಣ್ಣಾರೆ ಕಂಡಿದ್ದಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಅರ್ಧ ಗಂಟೆಯ ಮೇಲೆ ಶ್ರೀನಾಥ ಬಂದು ಸ್ಟೀರಿಂಗ್ ಹಿಡಿದ. ಹೈವೇ ಸೇರಿದ ಮೇಲೆ ಗದಿಗೆಪ್ಪನ ಕಡೆ ತಿರುಗಿದ.

"ಸಾರ್, ನನ್ ಗುಂಡು ಗೆಲ್ಲೋದಲ್ಲ ಅಂತ ನಂಗೂ ಗೊತ್ತು. ಶಿಷ್ಯ ಗೆಲ್ಲಲಿ ಅಂತ ನೀವು ಸೋತ್ರಿ. ಇಂಥಾ ದೊಡ್ಡ ಮನಸ್ಸು ಯಾರಿಗಿದೆ ಹೇಳಿ?"

"ಇರಲಿ ಬಿಡಪಾ" ಎಂದ ಗದಿಗೆಪ್ಪ, ಸಣ್ಣಗೆ ಉಬ್ಬುತ್ತ. "ಶನಿವಾರ ಊಟಕ್ಕ ಹೋಗಿ ತುತ್ತು ತಿಂದು ಬಾ."

"ನಾನಾ? ನಮ್ಮನೇಲಿ ಮೊಟ್ಟೆನೂ ತರೋ ಹಾಗಿಲ್ಲ ಸಾರ್, ಅತ್ತೆ ಬೇರೆ ಬಂದಿದಾರೆ. ಆದ್ರೆ ಒಲ್ಲೆ ಅಂದ್ರೆ ತಗಡು ಖಾಲಿ ಉಳಿಯುತ್ತಲ್ಲ. ಅದಕ್ಕೆ ವಾಲ್ಟರ್‌ಗೆ ನಿಜ ಹೇಳ್ಬಿಟ್ಟೆ. ನಂಗೆ ಈ ವಿದ್ಯೆ ಕಲಿಸಿದ್ದು ಗದಿಗೆಪ್ಪನೋರು, ನಮ್ಮಲ್ಲಿ ಮೊದಲ ತುತ್ತು ಯಾವತ್ತೂ ಗುರುವಿಗೇ ಸಲ್ಲಬೇಕು ಅಂತ."

ಗದಿಗೆಪ್ಪನ ಸೀನು ಮೂಗಿನಲ್ಲೇ ನಿಂತಿತು. "ಅದಕ್ಕ ಅಂವ ಏನಂದ?"

"ಕಣ್ಣಲ್ಲಿ ನೀರು ಬಂತು ಸಾರ್ ಮನುಷ್ಯನಿಗೆ. ಆಗ್ಲೇ ಎಲ್ಲರ ಮುಂದೆ ಅನೌನ್ಸ್ ಮಾಡ್ದ. ನಿಮ್ ಕುರ್ಚಿ ಅವನ ಪಕ್ಕದಲ್ಲೇ ಅಂತೆ." ಶ್ರೀನಾಥ ಕಣ್ಣೊರೆಸಿಕೊಂಡು ಲೇನ್ ಬದಲಿಸಿದ. "ಇದನ್ನ ಮನೆಯವರು ನೋಡ್ಲೇಬೇಕು ಅಂದ. ಜಯಶೀಲಾ ಅಕ್ಕಾವ್ರಿಗೆ ಈಗಷ್ಟೇ ಅವನೇ ಫೋನ್ ಮಾಡಿ ಕರೆದಿದಾನೆ."