ಒಲೆ ಕಾಯುವ ಅಳಿಯ

ದಿನಚರಿ ಬರೆಯುವವರ ಬಗ್ಗೆ ಜನರಿಗೆ ಒಂದು ಗೌರವವಿದೆ. ಅದು ಅನಗತ್ಯ ಎಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ನಾವು ಎಲ್ಲವನ್ನೂ ಗಮನಿಸುತ್ತೇವೆಂದು ಅವರು ತಿಳಿದಿರುತ್ತಾರೆ. ನಾವು ಗಮನಿಸುವುದು ನಾವೇ ಗೆರೆ ಎಳೆದುಕೊಂಡ ಕಾಲಮ್ಮುಗಳನ್ನು ಮಾತ್ರ. ನನ್ನ ಪುಸ್ತಕದಲ್ಲಿ ಮಳೆ ಬಂದ ದಿನಗಳಿವೆ, ಕಳೆದುಹೋದ ಪೆನ್ನುಗಳ ಪಟ್ಟಿಯಿದೆ, ನನ್ನ ಅತ್ತೆಯವರು ಈ ಚಳಿಗಾಲ ನಮ್ಮ ಮನೆಯಲ್ಲಿ ಎಷ್ಟು ದಿನ ಇದ್ದರೆಂಬುದೂ ಇದೆ: ಇಪ್ಪತ್ಮೂರು. ಇರಬೇಕಾಗಿದ್ದದ್ದು ತೊಂಬತ್ತು. ಉಳಿದ ಅರವತ್ತೇಳು ದಿನ ಎಲ್ಲಿ ಹೋದವೆಂದು ಬರೆಯಲು ನನ್ನಲ್ಲಿ ಕಾಲಮ್ಮಿರಲಿಲ್ಲ.

ಒಮಾನಿನಲ್ಲಿ ಚಳಿ ಎಂದರೆ ನಮ್ಮ ಬಾಗಲಕೋಟೆಯವರು ನಗುತ್ತಾರೆ. ಕೆಳಗೆ ಕಡಲಂಚಿನ ಅಲ್ ಹೈಲ್‌ನಲ್ಲಿದ್ದ ನಾಲ್ಕು ವರ್ಷ ನಾನೂ ನಕ್ಕವನೇ. ಕಂಪನಿಯವರು ನನ್ನನ್ನು ನೀರಿನ ಪಂಪುಗಳ ಉಸ್ತುವಾರಿಗೆಂದು ಜಬಲ್ ಅಖ್ದರ್ ಬೆಟ್ಟದ ಮೇಲಕ್ಕೆ ಕಳಿಸಿದ ಮೇಲೆ ನಗು ನಿಂತಿತು. ಅಲ್ಲಿ ಜನವರಿಯ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕೂತಿರುತ್ತದೆ. ದಾಳಿಂಬೆ ಗಿಡಗಳು ಬರೀ ಕಡ್ಡಿಗಳಾಗಿ ನಿಂತಿರುತ್ತವೆ. ಊರಲ್ಲಿ ಸಂಕ್ರಾಂತಿಗೆ ಒಮ್ಮೆ ಪೆಟ್ಟಿಗೆಯಿಂದ ತೆಗೆದು, ವಾಸನೆ ನೋಡಿ, ಮತ್ತೆ ಒಳಗಿಡುತ್ತಿದ್ದ ಸ್ವೆಟರನ್ನು ನಾನು ಇಲ್ಲಿ ಸ್ನಾನಕ್ಕೆ ಮಾತ್ರ ತೆಗೆಯುತ್ತಿದ್ದೆ.

ನನ್ನ ಹೆಂಡತಿ ವಿದ್ಯಾ ಆರು ತಿಂಗಳು ತುಂಬಿದ ಬಸುರಿಯಾಗಿದ್ದಳು. ಅವಳ ತಾಯಿ ಬಂದು ಚಳಿಗಾಲ ಕಳೆದು, ಹೆರಿಗೆಯೂ ಇಲ್ಲೇ ಆಗಿ, ಮಗುವನ್ನು ಮೊದಲ ದಿನವೇ ನಾನು ಎತ್ತಿಕೊಳ್ಳಬೇಕು ಎಂಬುದು ನಮ್ಮ ಯೋಜನೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬ ಪದ್ಧತಿಯನ್ನು ಅತ್ತೆಯವರು ಮಗಳ ಹಟಕ್ಕೆ ಬಿಟ್ಟುಕೊಟ್ಟಿದ್ದರು. ಒಂದೇ ತೊಡಕು ಅವರ ಎದೆ. ಥಂಡಿ ತಾಗಿದರೆ ಕೆಮ್ಮು ಹಿಡಿಯುತ್ತದೆ. ಕರೆಂಟಿನ ಹೀಟರ್ ಹಾಕಿದರೆ ಮೂಗು ಒಣಗಿ ಉಸಿರು ಕಟ್ಟುತ್ತದೆ. "ಅವ್ವಗ ಕಟಿಗಿ ಉರಿನ ಬೇಕ್ರಿ," ಎಂದಳು ವಿದ್ಯಾ.

ಹೀಗೆ ಆ ಒಲೆ ಬಂತು. ಅಲ್ ಮಬೇಲಾದಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟಿರುವ ಉಳ್ಳಾಲದ ಹಮೀದಣ್ಣ, ಊರಿಗೆ ಮರಳಿದ ಯಾರೋ ಯುರೋಪಿನವರ ಮನೆಯಿಂದ ತಂದಿದ್ದ ಕಬ್ಬಿಣದ ಒಲೆ. ಅದರ ಒಳಗೆ ಜೇನುಹುಟ್ಟಿನಂಥ ಒಂದು ಜಾಲರಿಯಿದೆ. ಹೊಗೆ ಅದರೊಳಗಿಂದ ಹಾಯುವಾಗ ಮತ್ತೊಮ್ಮೆ ಉರಿದು ಕಾವಾಗುತ್ತದೆ. ಪಕ್ಕದಲ್ಲಿ ಥರ್ಮೋಸ್ಟಾಟಿನ ಗುಂಡಿ. ಅದನ್ನು ಒಮ್ಮೆ ತಿರುಗಿಸಿಟ್ಟರೆ ಒಲೆಯೇ ತನಗೆ ಬೇಕಾದಷ್ಟು ಗಾಳಿ ಎಳೆದುಕೊಂಡು, ಸಾಕೆನಿಸಿದಾಗ ಮುಚ್ಚಿಕೊಂಡು, ಹನ್ನೆರಡು ತಾಸು ತನ್ನಷ್ಟಕ್ಕೆ ಉರಿಯುತ್ತದೆ. ಹಮೀದಣ್ಣ ಪಿಕಪ್‌ನಲ್ಲಿ ಅದನ್ನು ಬೆಟ್ಟ ಹತ್ತಿಸಿ ಕೂರಿಸಿಕೊಟ್ಟರು. ಸೌದೆಗೆ ರುಸೈಲ್ ಫ್ಯಾಕ್ಟರಿಗಳ ಪ್ಯಾಕಿಂಗ್ ಹಲಗೆ ಬಿಟ್ಟಿಯಾಗಿ ತಂದುಕೊಡುತ್ತೇನೆಂದರು. ಬಣ್ಣ ಬಳಿದ ಮರ ಸುಟ್ಟರೆ ಜಾಲರಿ ಕೆಡುತ್ತದೆಂದು ನಾನು ಕೈಪಿಡಿಯ ಪುಟ ತೋರಿಸಿದೆ.

"ಎಂಥ ಮಾರಾಯ್ರೆ, ಇದಕ್ಕೂ ಪಥ್ಯವಾ? ನನ್ನ ಮಾವನಿಗೂ ಇಷ್ಟು ಪಥ್ಯ ಇಲ್ಲ," ಎಂದರು ಹಮೀದಣ್ಣ. ಹೋಗುವ ಮೊದಲು ಗುಂಡಿಯನ್ನು ಮಧ್ಯಕ್ಕಿಟ್ಟು, "ಇನ್ನು ಇದನ್ನು ಮುಟ್ಟಬೇಡಿ. ಖಲಾಸ್. ಅದರ ಕೆಲಸ ಅದು ಮಾಡ್ತದೆ, ನಿಮ್ಮದು ನೀವು ಮಾಡಿ," ಎಂದರು.

ಆ ಮಾತನ್ನು ನಾನು ಬರೆದುಕೊಂಡೆ. ಬರೆದುಕೊಳ್ಳುವುದಕ್ಕೂ ಪಾಲಿಸುವುದಕ್ಕೂ ನಡುವೆ ಎಷ್ಟು ದೂರವಿದೆಯೆಂದು ನನ್ನಂಥವರನ್ನೇ ಕೇಳಬೇಕು.

ಅತ್ತೆಯವರು ಬಂದ ಮೂರನೇ ದಿನ ನಾನು ಕೂಡಿಟ್ಟಿದ್ದ ರಜೆಯನ್ನೆಲ್ಲ ಹಾಕಿದೆ. ಒಲೆಯ ಮುಂದೆ ಒಂದು ಕುರ್ಚಿ, ಕುರ್ಚಿಯ ಪಕ್ಕ ಸಣ್ಣ ಮೇಜು, ಮೇಜಿನ ಮೇಲೆ ಪುಸ್ತಕ. ತಾಸಿಗೊಮ್ಮೆ ಜಾಲರಿಯ ಕಾವು, ಹಾಲ್‌ನ ಕಾವು, ಹಾಕಿದ ಸೌದೆಯ ತೂಕ. ಅಡುಗೆಮನೆಯ ಬಾಗಿಲು ತೆರೆದರೆ ತಣ್ಣನೆ ಗಾಳಿ ನುಗ್ಗಿ ಅಂಕಿ ಏರುಪೇರಾಗುತ್ತಿತ್ತು. ಅದಕ್ಕೆ ಆ ಬಾಗಿಲನ್ನು ಮುಚ್ಚಿಯೇ ಇಡಲು ಹೇಳಿದೆ. ನಾಲ್ಕನೇ ದಿನದಿಂದ ಹಾಲ್ ಇಪ್ಪತ್ತೆರಡು ಡಿಗ್ರಿಯಲ್ಲಿ ನಿಂತಿತು. ದಿನವೂ ಆ ಅಂಕಿಯ ಪಕ್ಕ 'ಮನೆಮಂದಿಗೆ ಹಿತ' ಎಂದು ಬರೆದೆ. ಮನೆಮಂದಿ ಎಂದರೆ ಯಾರು ಎಂದು ನನ್ನನ್ನು ಕೇಳುವವರಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಅತ್ತೆಯವರ ಕಾಲದ ಹೆಂಗಸರು ಅಳಿಯನ ಎದುರು ಕೂರುವುದಿಲ್ಲ. ತಲೆಯ ಮೇಲೆ ಸೆರಗಿಲ್ಲದೆ ಅವನ ಮುಂದೆ ಹಾಯುವುದಿಲ್ಲ. ಅವನಿಗೆ ಹೇಳಬೇಕಾದದ್ದನ್ನು ಮಗಳಿಗೋ ಗೋಡೆಗೋ ಹೇಳುತ್ತಾರೆ. ನನಗೆ ಇದೆಲ್ಲ ಗೊತ್ತಿತ್ತು. ಮದುವೆಯಾದಾಗಿನಿಂದ ಈ ಮರ್ಯಾದೆಯನ್ನು ಉಂಡು ಸುಖಪಟ್ಟವನು ನಾನು. ಅಳಿಯ ಹಾಲ್‌ನಲ್ಲಿ ಕೂತರೆ ಅತ್ತೆಗೆ ಹಾಲ್ ಇಲ್ಲ ಎಂಬ ಲೆಕ್ಕ ಮಾತ್ರ ಹೊಳೆಯಲಿಲ್ಲ. ಅತ್ತೆಯವರಿಗೆ ಅಡುಗೆಮನೆಯೆಂದರೆ ಬಲು ಪ್ರೀತಿ ಎಂದುಕೊಂಡೆ.

ವಿದ್ಯಾ ಹೆಚ್ಚುಕಮ್ಮಿ ದಿನಾ ಬೆಳಿಗ್ಗೆ ಬಂದು, "ರೀ, ಒಂದು ತಾಸು ಹೊರಗ ಅಡ್ಡಾಡಿ ಬರ್ರಿ," ಎನ್ನುತ್ತಿದ್ದಳು.

"ಈಗ ಸೌದಿ ಹಾಕೀನಿ, ಕಾವು ಏರೂತನಕ ಏಳಾಕಾಗೂದಿಲ್ಲ," ಎನ್ನುತ್ತಿದ್ದೆ ನಾನು.

"ಪಂಪ್ ನೋಡಾಕರ ಹೋಗ್ರಿ."

"ರಜಾದಾಗ ಯಾವ ಪಂಪ್?"

"ಹಮೀದಣ್ಣಾರ ಅಂಗಡಿಗಾದರೂ ಹೋಗ್ರಿ. ನಿಮ್ಮನ್ನ ನೋಡಿ ಬಾಳ ದಿನ ಆತಂತ ಅವರಿಗೆ."

ನನ್ನ ಆರೋಗ್ಯದ ಮೇಲೆ ಹೆಂಡತಿಗಿರುವ ಕಾಳಜಿ ನೋಡಿ ಮನಸ್ಸು ತುಂಬಿ ಬಂತು. ಆಕೆ ಹಾಗೆ ಹೇಳಿದ್ದನ್ನೂ ಗುರುತು ಹಾಕಿದ್ದೇನೆ: ಹದಿನಾಲ್ಕು ಸಲ. ನಾನು ಎದ್ದು ಹೋದದ್ದು ಎರಡು ಸಲ. ಒಮ್ಮೆ ಒಂಬತ್ತು ನಿಮಿಷ, ಒಮ್ಮೆ ಹನ್ನೊಂದು. ಎರಡನೇ ಸಲ ಮರಳಿದಾಗ ಒಲೆಯ ಮುಂದಿನ ಚಾಪೆಯಿಂದ ಯಾರೋ ಗಡಬಡಿಸಿ ಎದ್ದು ಒಳಗೆ ಹೋದಂತಾಯಿತು. ಜಾಲರಿಯ ಕಾವು ಸರಿಯಾಗಿದೆಯೇ ಎಂದು ನೋಡಿ, ಸರಿಯಾಗಿದೆಯೆಂದು ಬರೆದೆ.

ಇಪ್ಪತ್ತನೇ ದಿನ ಸೌದೆ ತೂಗುವ ತಕ್ಕಡಿಯ ಬ್ಯಾಟರಿ ಮುಗಿದು, ಹೊಸದನ್ನು ಹುಡುಕುತ್ತ ನಾನೇ ಅಡುಗೆಮನೆಗೆ ಹೋದೆ. ಅತ್ತೆಯವರು ಮಣೆಯ ಮೇಲೆ ಎರಡು ಶಾಲು ಹೊದ್ದು ಕೂತಿದ್ದರು. ರೊಟ್ಟಿ ಎಂದೋ ಮುಗಿದಿತ್ತು. ಗ್ಯಾಸಿನ ಮೇಲಿಂದ ಇಳಿಸಿದ ಖಾಲಿ ಹಂಚನ್ನು ಮುಂದಿಟ್ಟುಕೊಂಡು, ಅದರ ಮೇಲೆ ಕೈ ಹಿಡಿದು ಕಾಯಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು ಸೆರಗೆಳೆದುಕೊಂಡರು. ಎದ್ದ ರಭಸಕ್ಕೆ ಕೆಮ್ಮು ಬಂತು. ಅದು ನಿಲ್ಲುವ ತನಕ ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಥರ್ಮಾಮೀಟರ್ ನೋಡಿದೆ. ಅಲ್ಲಿ ಹನ್ನೊಂದು ಡಿಗ್ರಿ ಇತ್ತು.

"ಅತ್ತಿ, ಹಾಲ್‌ನ್ಯಾಗ ಬಂದು ಕೂಡ್ರಿ," ಎಂದೆ.

"ವಿದ್ಯಾ, ಇಲ್ಲೇ ಬೆಚ್ಚಗ ಐತಂತ ಹೇಳವ್ವಾ," ಎಂದರು ಅವರು ಗೋಡೆಯ ಕಡೆ ತಿರುಗಿ. ವಿದ್ಯಾ ಅಲ್ಲಿರಲಿಲ್ಲ.

ಸಂಜೆ ವಿದ್ಯಾ ಎಲ್ಲ ಹೇಳಿದಳು. ನನಗೆ ಹೇಳಕೂಡದೆಂದು ತಾಯಿ ತನ್ನ ತಲೆಯ ಮೇಲೆ ಅವಳ ಕೈಯಿಡಿಸಿ ಆಣೆ ಹಾಕಿಸಿಕೊಂಡಿದ್ದರಂತೆ. "ಅಳಿಯಂದ್ರನ್ನ ಅವರ ಮನ್ಯಾಗ ಅವರ ಕುರ್ಚಿಯಿಂದ ಎಬ್ಬಿಸಾಕ ನಾ ಬಂದಿಲ್ಲ. ಅಷ್ಟು ದೂರದಿಂದ ನನ್ನ ಸಲುವಾಗಿ ಒಲಿ ತಂದಾರ, ಅದನ್ನ ಕಾಯ್ಕೊಂತ ಕೂತಾರ. ಅವರ ಮನಸ್ಸು ನೋಯಿಸಬ್ಯಾಡ," ಎಂದಿದ್ದರಂತೆ. ಕೆಮ್ಮು ಹೆಚ್ಚಾದದ್ದು ಕೇಳಿ ಮಾವನವರು ಬಾಗಲಕೋಟೆಯಿಂದಲೇ, ಅವರು ಮೂರು ದಿನದಲ್ಲಿ ಊರಿಗೆ ಮರಳುವಂತೆ ಟಿಕೆಟ್ ಬದಲಿಸಿಯಾಗಿತ್ತು.

"ನನಗ ಒಂದು ಸೂಚನಾ ಕೊಡಬಾರದಿತ್ತೇನು?" ಎಂದೆ.

"ಹದಿನಾಲ್ಕು ಸಲ ಕೊಟ್ಟೇನಿ. ನೀವ ಬರಕೊಂಡೀರಲ್ಲ," ಎಂದಳು.

ಮರುದಿನದಿಂದ ನಾನು ಮನೆ ಬಿಟ್ಟು ಕಾರಿನಲ್ಲಿ ಕೂತೆ. ಬೆಳಿಗ್ಗೆ ಮೂರು ತಾಸು, ಮಧ್ಯಾಹ್ನ ಎರಡು. ಯಾರೂ ಕಾಯದ ಒಲೆ ಒಂದು ಡಿಗ್ರಿಯೂ ಆಚೀಚೆಯಾಗದೆ ಉರಿಯಿತು. ಅತ್ತೆಯವರು ಮೂರು ದಿನ ಅದರ ಮುಂದೆ ಕಾಲು ಚಾಚಿ ಕೂತು ಮಗುವಿಗೆ ಕುಲಾವಿ ಹೆಣೆದರಂತೆ. ನಾನು ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ಕೆಮ್ಮು ಮಾತ್ರ ಆಗಲೇ ಎದೆಗಿಳಿದಿತ್ತು. ವಿಮಾನ ನಿಲ್ದಾಣದಲ್ಲಿ ಅವರು ಟ್ರಾಲಿಗೆ ಹೇಳಿದರು: "ಒಲಿ ಬಾಳ ಚಲೋ ಐತಿ. ಅಳಿಯಂದ್ರು ಜ್ವಾಪಾನ ಇರ್ಲಿ."

ಬರುವ ತಿಂಗಳು ವಿದ್ಯಾ ಹೆರಿಗೆಗೆ ಬಾಗಲಕೋಟೆಗೆ ಹೋಗುತ್ತಾಳೆ. ಮಗು ಹುಟ್ಟಿದ ದಿನ ನಾನು ಅದನ್ನು ಫೋನಿನಲ್ಲಿ ನೋಡುತ್ತೇನೆ. ಫೋನ್ ಹಿಡಿದವರು ಅತ್ತೆಯವರಾದರೆ ನನ್ನ ಮುಖ ಕಂಡೊಡನೆ ಸೆರಗೆಳೆದುಕೊಳ್ಳುವ ಗಡಿಬಿಡಿಯಲ್ಲಿ ಅದೂ ಸರಿಯಾಗಿ ಕಾಣಲಾರದು.

ಇಲ್ಲಿಯ ತನಕ ಇದನ್ನು ನಾನು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಬರೆದೆ. ಆವತ್ತಿನಿಂದ ಹಾಲ್‌ನ ಕುರ್ಚಿಯಲ್ಲಿ ಕೂರಲು ಮನಸ್ಸಾಗುತ್ತಿರಲಿಲ್ಲ. ಈಗ ತಾನೇ ವಿದ್ಯಾ ಬಂದು ನನ್ನ ಹೆಗಲ ಮೇಲಿನ ಶಾಲನ್ನೂ ಮುಚ್ಚಿದ ಬಾಗಿಲನ್ನೂ ನೋಡಿ, "ಅಲ್ರೀ, ಈಗ ಯಾರ ಸಲುವಾಗಿ ಜಾಗಾ ಬಿಟ್ಟು ಕೂತೀರಿ?" ಎಂದಳು. ಅವಳು ಹಾಲ್‌ಗೆ ಹೋಗಿ ಒಲೆಯ ಮುಂದೆ ಕೂತಳು. ಕರೆಯುತ್ತಾಳೇನೋ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ, ಈ ಮನೆಯಲ್ಲಿ ಅತ್ತೆಯವರನ್ನು ಕರೆಯದೆ ಕಾಯಿಸಿದವನು ನಾನೇ ಎಂಬುದು ನೆನಪಾಗಿ, ಮಣೆ ಎತ್ತಿಕೊಂಡು ನಾನಾಗಿಯೇ ಎದ್ದು ಹೋದೆ.