ಮೀನಣ್ಣನ ಸಾವಿನ ಕಂತು

ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯನನ್ನು ಕೊಂದು, ಊರನ್ನು ಅಳಿಸಿ, ನಗಿಸಿ, ಮಣ್ಣು ಮಾಡಿ ಮುಗಿಸುತ್ತೇನೆ ಅಂತ ನಾನು ಶಪಥ ಮಾಡಿದ್ದೆ! ಗಾಬರಿಯಾಗಬೇಡಿ. ನಾನು ಕೊಲೆಗಾರನಲ್ಲ, ಟೀವಿಗೆ ಹಾಸ್ಯ ಧಾರಾವಾಹಿ ಬರೆಯುವವನು. ಎರಡೂ ಒಂದೇ ಕಸುಬು ಅಂತ ನನ್ನ ಹೆಂಡತಿ ಸೆರ್ವಾ ಆಗಾಗ ಅನ್ನುತ್ತಾಳೆ. ನಾನು ನಕ್ಕುಬಿಡುತ್ತಿದ್ದೆ.

'ಒಂದೇ ಮಡಕೆ' ಅಂತ ನನ್ನ ಧಾರಾವಾಹಿ. ಶುಕ್ರವಾರ ಸಂಜೆ ಏಳಕ್ಕೆ ಅದು ಶುರುವಾಯಿತೆಂದರೆ ನಮ್ಮೂರು ಕುಮಾಸಿಯಲ್ಲಿ ಟ್ಯಾಕ್ಸಿ ಸಿಗುವುದಿಲ್ಲ! ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದ ಒಂದು ಸಂಸಾರ, ಅದರ ಜಗಳ. ಆ ಮನೆಯಲ್ಲಿ ಜನ ತಲೆಯ ಮೇಲೆ ಹೊತ್ತು ಕುಣಿದದ್ದು ಹಿರಿಯಣ್ಣ ಮೀನಣ್ಣನನ್ನು. ನೆಂಟರು ಬಂದರೆ ತನ್ನ ಪಾಲಿನ ಮೀನನ್ನು ಫುಫು ಮುದ್ದೆಯ ಅಡಿಗೆ ತಳ್ಳಿ, ಬರೀ ಸಾರು ತೋರಿಸಿ, "ನಮ್ಮ ಬಡತನ ನೋಡಿ" ಅಂತ ಕಣ್ಣೊರೆಸಿಕೊಳ್ಳುವ ಮಹಾನುಭಾವ!

ಈ ಮೀನಣ್ಣ ನನ್ನ ಕಲ್ಪನೆಯ ಕೂಸು ಅಂತ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದೇನೆ. ಸುಳ್ಳು. ನನ್ನ ಸ್ವಂತ ಅಣ್ಣ ಬ್ರೆಂಪೊಂಗ್‌ನನ್ನು ಇದ್ದ ಹಾಗೇ ಎತ್ತಿ ಕೂರಿಸಿದ್ದು. ಅವನ ನಡಿಗೆ, ಅವನ ಕೆಮ್ಮು, ಅವನ ಮೀನು. ಮೊದಲ ಕಂತು ಬಂದ ಮರುದಿನವೇ ಮಾರುಕಟ್ಟೆಯಲ್ಲಿ ಜನ ಅವನನ್ನು "ಮೀನಣ್ಣಾ!" ಅಂತ ಕೂಗಿದರು. ತಿಂಗಳು ಕಳೆಯುವುದರಲ್ಲಿ ಅಣ್ಣ ತನ್ನ ಹೊಲಿಗೆ ಅಂಗಡಿ ಮುಚ್ಚಿ ದೂರದ ಟೆಚಿಮಾನ್ ಊರಿಗೆ ಹೊರಟುಹೋದ. ಏಳು ವರ್ಷವಾಯಿತು, ನನ್ನ ಜೊತೆ ಮಾತಿಲ್ಲ. 'ತಮಾಷೆ ಅರ್ಥವಾಗದ ಮನುಷ್ಯ' ಅಂತ ಅಂದುಕೊಂಡೆ. ಅಂದುಕೊಂಡೇ ಏಳು ವರ್ಷ ದೂಡಿದೆ.

ಹೀಗಿರುವಾಗ ಮೀನಣ್ಣನ ಪಾತ್ರ ಮಾಡುತ್ತಿದ್ದ ತವಿಯಾ ಬೇರೆ ಟೀವಿಗೆ ಹಾರಿದ. ಸರಿ, ಮೀನಣ್ಣ ಸಾಯಲಿ!

ನಮ್ಮಲ್ಲಿ ಪೋಸ್ಟರ್ ಇಲ್ಲದೆ ಯಾರಾದರೂ ಸತ್ತದ್ದುಂಟೇ? ಮೇಲೆ 'ಎಂಥ ಆಘಾತ!' ಅಂತ ದಪ್ಪಕ್ಷರ, ನಡುವೆ ಸತ್ತವರ ಫೋಟೋ, ಕೆಳಗೆ ಅಳುವವರ ಪಟ್ಟಿ. ಫೋಟೋ ಕೇಳಿದ್ದಕ್ಕೆ ತವಿಯಾ ಫೋನಿನಲ್ಲೇ ಉಗಿದ: "ಬದುಕಿರೋನ ಫೋಟೋನ ಸಾವಿನ ಪೋಸ್ಟರಿಗೆ ಕೇಳ್ತೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ?" ಉಳಿದ ನಟರೂ ಒಬ್ಬೊಬ್ಬರಾಗಿ ಜಾರಿಕೊಂಡರು.

"ನನ್ನದೇ ಹಾಕ್ತೀನಿ! ನನಗೆ ಇಂಥ ಮೂಢನಂಬಿಕೆ ಇಲ್ಲ!" ಅಂತ ಎದೆ ತಟ್ಟಿಕೊಂಡೆ.

"ಬೇಡ ರೀ. ನಿಮ್ಮ ಮುಖ ಊರಿಗೆಲ್ಲ ಗೊತ್ತು," ಅಂದಳು ಸೆರ್ವಾ.

"ಬರೆಯೋರ ಮುಖ ಯಾರಿಗೆ ಗೊತ್ತಿರುತ್ತೆ?"

"ಗೊತ್ತಿಲ್ಲದಿದ್ರೆ ನೀವು ಹೋದ ಕೂಡಲೇ ಅಂಗಡಿಯೋಳು ತನ್ನ ಗಂಡನ ಕಥೆ ಯಾಕೆ ಅರ್ಧಕ್ಕೇ ನಿಲ್ಲಿಸ್ತಾಳೆ?"

ನಾನು ಕೇಳಲಿಲ್ಲ. ಬರೆಯುವ ವಾರ ನನ್ನ ಫೋನು ಬಂದ್ ಮಾಡಿಡುವುದು ನನ್ನ ವ್ರತ. ಆದ್ದರಿಂದ ಸೆರ್ವಾಳ ಫೋನಿನಿಂದಲೇ ಪೋಸ್ಟರ್ ಅಚ್ಚುಹಾಕುವ ಡೊಂಕೊರ್‌ಗೆ ಫೋಟೋ ಕಳಿಸಿ, 'ಮೀನಣ್ಣನ ಅಂತ್ಯಕ್ರಿಯೆ, ಶನಿವಾರ, ನಮ್ಮ ಮನೆಯಲ್ಲಿ. ಐದು ಪ್ರತಿ ಸಾಕು, ಅವತ್ತೇ ತನ್ನಿ' ಅಂತ ಬರೆದೆ. ಚಿತ್ರೀಕರಣ ನಮ್ಮ ಅಂಗಳದಲ್ಲೇ ತಾನೇ!

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ, ಸಾಲು ಕುರ್ಚಿ, ನಡುವೆ ಶವಪೆಟ್ಟಿಗೆ. ಭಾರ ಬರಲಿ ಅಂತ ಒಳಗೆ ಬಾಳೆದಿಂಡು ತುಂಬಿದ್ದೆವು. ನಾನು ಗಂಜಿ ಕುಡಿಯುತ್ತಿದ್ದಾಗ ಡೊಂಕೊರ್ ಬಂದ, ಮೈತುಂಬ ಕಪ್ಪು ಬಟ್ಟೆ. ನನ್ನನ್ನು ನೋಡಿದವನೇ "ಅಯ್ಯಯ್ಯೋ!" ಅಂತ ನೆಲಕ್ಕೆ ಕುಸಿದ.

"ಅಡುಸೆ, ನೀನು ಸತ್ತಿಲ್ವಾ?"

"ನಾನ್ಯಾಕೆ ಸಾಯಲಿ? ಸತ್ತಿರೋದು ಮೀನಣ್ಣ!"

"ನಿನ್ನ ಹೆಂಡತಿ ಫೋನಿಂದ, ನಿನ್ನ ಫೋಟೋ ಬಂತು. ಪಾಪ, ದುಃಖದಲ್ಲಿ ಹೆಸರು ತಪ್ಪಿ ಬರೆದಿದ್ದಾಳೆ ಅಂತ ನಾನೇ ಸರಿ ಮಾಡಿದೆ!"

ಅವನ ಕೈಯಿಂದ ಪೋಸ್ಟರ್ ಕಿತ್ತುಕೊಂಡೆ. ನಾನೇ! ನನ್ನದೇ ಹೆಸರು!

"ವಯಸ್ಸು ಅರವತ್ತೊಂದು ಅಂತ ಹಾಕಿದ್ದೀಯಲ್ಲೋ! ನನಗಿನ್ನೂ ಐವತ್ತೆರಡು!"

"ಫೋಟೋ ನೋಡಿ ಅಂದಾಜು ಮಾಡಿದೆ."

"ಎಷ್ಟು ಪ್ರತಿ ಹಾಕಿದ್ದೀಯ?"

"ನಿನ್ನ ಮೇಲಿನ ಪ್ರೀತಿಗೆ ಇನ್ನೂರು. ನಿನ್ನೆ ಊರೆಲ್ಲ ಅಂಟಿಸಿದೆ, ಟೆಚಿಮಾನ್ ಬಸ್ಸಿಗೂ ಕೊಟ್ಟು ಕಳಿಸಿದೆ. ಶೋಕದ ಯಜಮಾನ ಬ್ರೆಂಪೊಂಗ್ ಅಂತಾನೇ ಹಾಕಿದ್ದೀನಿ. ಅಣ್ಣ ಇರುವಾಗ ಬೇರೆಯವರ ಹೆಸರು ಹಾಕೋಕಾಗುತ್ತಾ?"

ಅಷ್ಟರಲ್ಲಿ ಜನ ಬರತೊಡಗಿದರು. ವಿಧವೆಗೆ ಫೋನ್ ಮಾಡಿ 'ನಿಜವೇ?' ಅಂತ ವಿಚಾರಿಸುವ ಒರಟರು ನಮ್ಮೂರಲ್ಲಿಲ್ಲ. ಕಪ್ಪು, ಕೆಂಪು ಉಟ್ಟು ಬಂದೇಬಿಡುತ್ತಾರೆ. ಪದ್ಧತಿಯಂತೆ ಬಲಗಡೆಯಿಂದ ಶುರುಮಾಡಿ ಕೂತವರೆಲ್ಲರ ಕೈ ಕುಲುಕಿದರು, ನಮ್ಮ ನಟರದ್ದೂ! ನಟರು ಇವರನ್ನು ಬಾಡಿಗೆಯ ಜನ ಅಂತ ತಿಳಿದರು, ಇವರು ನಟರನ್ನು ನನ್ನ ನೆಂಟರು ಅಂತ ತಿಳಿದರು. ಎಲ್ಲರೂ ಸೇರಿ ಅತ್ತರು. ನಾನು ಹೇಳಿಬಿಡೋಣವೆಂದು ಹೊರಗೆ ಕಾಲಿಡುವಷ್ಟರಲ್ಲಿ ನಿರ್ದೇಶಕಿ ನನ್ನನ್ನು ಅಡುಗೆಮನೆಗೆ ನೂಕಿದಳು.

"ಇಂಥ ಅಳು ಬಾಡಿಗೆಗೆ ಸಿಗಲ್ಲ ಮಾರಾಯಾ! ಹೆಣ ಎದ್ದು ಬಂದ್ರೆ ದೃಶ್ಯ ಕೆಡುತ್ತೆ. ಒಂದೇ ಗಂಟೆ ಒಳಗಿರು!"

ನಾನು ಇದ್ದೆ. ಈ ಕಥೆ ಹೇಳುವಾಗ ಎಲ್ಲ ಕಡೆ ನಗುತ್ತೇನೆ, ಇಲ್ಲಿಗೆ ಬಂದಾಗ ನಗು ಬರುವುದಿಲ್ಲ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ.

ಹನ್ನೊಂದಕ್ಕೆ ಅಣ್ಣ ಬಂದ. ಕಿಟಕಿಯಿಂದ ನೋಡಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆಗೆ ಶೋಕದ ಕೆಂಪು ಪಟ್ಟಿ, ಬಗಲಲ್ಲಿ ನನ್ನ ಹೆಣಕ್ಕೆ ಹೊದಿಸಲು ತಾನೇ ಹೊಲಿದು ತಂದ ಬಟ್ಟೆ. ಸೆರ್ವಾ ಓಡಿಹೋಗಿ ಅಡ್ಡ ನಿಂತಳು: "ಭಾವಾ, ಒಂದು ನಿಮಿಷ ಕೇಳಿ ಇಲ್ಲಿ!" ಅವನಿಗೆ ಕೇಳಿಸಲಿಲ್ಲ. ಪೆಟ್ಟಿಗೆಯ ಮೇಲೆ ಬಿದ್ದುಬಿಟ್ಟ.

"ಅಡುಸೆ, ನನ್ನ ಕೂಸೇ! ಆ ಮೀನು ಯಾರಿಗಂತ ಬಚ್ಚಿಟ್ಟಿದ್ದೆನೋ? ಸೋದರಮಾವನ ಮನೇಲಿ ನಿನ್ನ ಪಾಲಿಗೆ ಮುಳ್ಳೇ ಬರ್ತಿತ್ತಲ್ಲ ಅಂತ ಮುದ್ದೆ ಕೆಳಗೆ ಇಟ್ಟೆ. ನೀನೇ ತಿಂದೆ. ಊರಿಗೆಲ್ಲ ಹೇಳುವಾಗ ಅದೊಂದು ಮಾತು ಸೇರಿಸೋಕೆ ಆಗ್ಲಿಲ್ವೇನೋ? ಏಳು ವರ್ಷ, ಒಂದು ಶುಕ್ರವಾರಾನೂ ಬಿಡದೆ ನೋಡಿದೆ ಕಣೋ. ಈ ವಾರ ಹೇಳ್ತಾನೆ, ಈ ವಾರ ಹೇಳ್ತಾನೆ ಅಂತ. ಇನ್ನು ಯಾರು ಹೇಳ್ತಾರೋ?"

ಅವನು ಹೇಳಿದ್ದು ನಿಜ. ನಾವಿಬ್ಬರೂ ಸೋದರಮಾವನ ಮನೆಯಲ್ಲೇ ಬೆಳೆದವರು; ನನಗೆ ಆಗ ಆರು ವರ್ಷ, ಅವನಿಗೆ ಹನ್ನೊಂದು. ಮೊದಲ ಕಂತು ಬರೆಯುವಾಗಲೂ ನನಗೆ ನೆನಪಿತ್ತು. ಅದನ್ನು ಸೇರಿಸಿದರೆ ಯಾರೂ ನಗುವುದಿಲ್ಲ ಅಂತ ಬಿಟ್ಟೆ. ಅವತ್ತು ಕಿಟಕಿಯಲ್ಲಿ ನಿಂತಾಗಲೂ, ದೇವರಾಣೆ, ಒಂದು ಕ್ಷಣ 'ದೃಶ್ಯ ಚೆನ್ನಾಗಿ ಬಂತು' ಅಂತ ಅನಿಸಿತು. ಆಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಗಿ ಹೊರಗೆ ಓಡಿದೆ.

"ಅಣ್ಣಾ!"

ಅಂಗಳ ಕಿರುಚಿತು, ಕುರ್ಚಿಗಳು ಉರುಳಿದವು. ಅಣ್ಣ ಮಾತ್ರ ಓಡಲಿಲ್ಲ. ಹತ್ತಿರ ಬಂದು ನನ್ನ ಕೆನ್ನೆ, ಕಿವಿ ಮುಟ್ಟಿ ನೋಡಿದ. ಎಳೆದು ತಬ್ಬಿಕೊಂಡ. ನಾನು ಅಳುತ್ತಾ 'ತಪ್ಪಾಯ್ತು, ತಪ್ಪಾಯ್ತು' ಅಂದೆ. ಅಷ್ಟರಲ್ಲಿ ನನ್ನ ಭುಜದಾಚೆ ಅವನಿಗೆ ಕ್ಯಾಮೆರಾ ಕಂಡಿತು. ತೋಳು ಸಡಿಲವಾಯಿತು. ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿ ಬಾಳೆದಿಂಡು ನೋಡಿದ. ಹಣೆಯ ಪಟ್ಟಿ ಬಿಚ್ಚಿ ಮಡಿಚಿದ.

"ಒಂದು ಚೂರೂ ಟೀವಿಗೆ ಹಾಕಲ್ಲ ಅಣ್ಣಾ! ಎಲ್ಲ ಅಳಿಸ್ತೀನಿ!"

ಅಣ್ಣ ನನ್ನ ಕಡೆ ತಿರುಗಲಿಲ್ಲ. "ಸೆರ್ವಾ," ಅಂದ, "ನಾನು ಅತ್ತಿದ್ದು ಸತ್ತ ತಮ್ಮನಿಗೆ. ಇವನ ಜೊತೆ ನಾನು ಮಾತು ಬಿಟ್ಟಿದ್ದೀನಿ. ಇವನು ನಿಜವಾಗ್ಲೂ ಹೋದಾಗ ಪೋಸ್ಟರ್ ಕಳಿಸ್ಬೇಡ, ನಂಬಲ್ಲ. ನೀನೇ ಫೋನ್ ಮಾಡು, ಬರ್ತೀನಿ."

"ಅದಕ್ಕೆ ಮೊದಲು ಬರಲ್ವಾ ಅಣ್ಣಾ?" ಅಂದೆ.

"ಏನಂತೆ ಅವನದು?" ಅಂತ ಸೆರ್ವಾಳನ್ನು ಕೇಳಿದ.

"ಅದಕ್ಕೆ ಮೊದಲು ಬರಲ್ವಾ ಅಂತ ಕೇಳ್ತಿದ್ದಾರೆ ಭಾವಾ."

ಅಣ್ಣ ತಾನು ಹೊಲಿದು ತಂದ ಬಟ್ಟೆಯನ್ನು ಮತ್ತೆ ಬಗಲಿಗೆ ಸಿಕ್ಕಿಸಿಕೊಂಡ.

"ಹೇಗಮ್ಮಾ ಬರಲಿ? ಬದುಕಿರೋ ತನಕ ಅವನು ಬರೀತಾ ಇರ್ತಾನಲ್ಲ!"