ವಕೀಲರ ಎರಡು ಕಣ್ಣಿನ ಕ್ಯಾಮೆರಾ

ಫೋಟೋ ಸ್ಟುಡಿಯೋಕ್ಕ ಬರೀ ಫೋಟೋ ತೆಗೆಸಿಕೊಳ್ಳೋರು ಬರ್ತಾರ ಅಂತ ನೀವು ತಿಳಕೊಂಡಿದ್ರ, ಒಂದು ದಿನವೂ ಅಲ್ಲಿ ಕುಂತು ನೋಡಿಲ್ಲ ಅಂತ ಅರ್ಥ. ಬಸವಕಲ್ಯಾಣದ ಬಜಾರದಾಗ ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸೀನಿ. ನಗಬಾರದು ಅಂತ ಹಲ್ಲು ಕಚ್ಚಿ ಹಿಡಿಯೋ ಪ್ರಸಂಗ ವಾರಕ್ಕೊಂದು ತಪ್ಪಲಿಲ್ಲ. ಅದರಾಗ ಅರ್ಧ ಇಬ್ಬರೇ ಮನುಷ್ಯರವು. ಒಬ್ಬರು ನಮ್ಮೂರ ವಕೀಲರು, ಇನ್ನೊಬ್ಬರು ಹುಮನಾಬಾದಿನ ಡಾಕ್ಟರು. ಇಬ್ಬರಿಗೂ ಒಂದೊಂದು ಜರ್ಮನಿ ಕ್ಯಾಮೆರಾ, ಇಬ್ಬರಿಗೂ ಅದರ ಮ್ಯಾಲೆ ಜೀವ.

ನಾನೇನು ಭಾರಿ ಶಾಣ್ಯಾ ಇದ್ದೆ ಅಂತ ತಿಳೀಬ್ಯಾಡ್ರಿ. ನನ್ನ ಹತ್ರ ಇದ್ದದ್ದು ಮೂರು ಕಾಲಿನ ಮ್ಯಾಲೆ ನಿಲ್ಲೋ ಕಟ್ಟಿಗಿ ಕ್ಯಾಮೆರಾ. ಕರಿ ಅರಿವಿ ಹೊದ್ಕೊಂಡು, ಹಿಂದಿನಿಂದ ಗಾಜಿನ ಪ್ಲೇಟು ತುರುಕಿ, ಫೋಟೋ ತೆಗೆದು, ಪ್ಲೇಟು ಎಳಕೊಂಡ್ರ ಮುಗೀತು. ಅದರಾಗೇ ಹೊಟ್ಟಿ ತುಂಬ್ತಿತ್ತು. ಆದ್ರ ಮನಸ್ಸು ತುಂಬಬೇಕಲ್ಲ? ವಕೀಲರ ಕ್ಯಾಮೆರಾದಿಂದ ಒಂದೇ ಒಂದು ಫೋಟೋ ತೆಗೀಬೇಕು ಅನ್ನೋ ಹುಚ್ಚು ನನಗ ಹತ್ತಿ, ಹತ್ತು ವರ್ಷ ಬಿಡಲಿಲ್ಲ.

೧. ಹವಾ ಸರಿ ಇಲ್ಲ

ರಾಜ್ಯ ಒಂದಾದ ಹೊಸದರಾಗಿನ ಮಾತು. ವಕೀಲರು ಯಾವುದೋ ಕೇಸಿನ ಸಲುವಾಗಿ ಹೈದರಾಬಾದಿಗೆ ಹೋದವರು, ಹವೇಲಿ ಖಾಲಿ ಮಾಡಾಕತ್ತಿದ್ದ ಒಬ್ಬ ಜಾಗೀರದಾರರ ಕಡೆಯಿಂದ ಈ ಕ್ಯಾಮೆರಾ ತಂದ್ರು. ಮುಂದ ಮ್ಯಾಲೊಂದು ಕೆಳಗೊಂದು ಎರಡು ಕಣ್ಣು. ನೆತ್ತಿಯ ಮುಚ್ಚಳ ತೆಗೆದು ಬಗ್ಗಿ ನೋಡಿದ್ರ, ಗಾಜಿನ ಮ್ಯಾಲೆ ಇಡೀ ಬಜಾರ ಸಣ್ಣದಾಗಿ ಓಡಾಡ್ತಿತ್ತು. ಎಮ್ಮಿ, ಟಾಂಗಾ, ಬಳಿಗಾರ, ಎಲ್ಲಾ. ನಾನು ಒಂದೇ ಸಲ ಬಗ್ಗಿ ನೋಡಿದೆ ನೋಡ್ರಿ, ಕೆಟ್ಟೆ!

"ಸಾಹೇಬ್ರ, ಒಂದು ಫಿಲ್ಮ್ ರೋಲ್ ಹಾಕ್ಲೇನ್ರಿ?" ಅಂದೆ.

ವಕೀಲರು ಕ್ಯಾಮೆರಾನ ಎದಿಗೆ ಅವಚಿಕೊಂಡ್ರು. "ತಲಿ ಕೆಟ್ಟದೇನೋ ನಿಂದು? ರೋಲ್ ತಿಕ್ಕಿ ತಿಕ್ಕಿ ಒಳಗ ಗೀರು ಬೀಳಂಗಿಲ್ಲೇನು?"

ಅಲ್ಲಿಂದ ಶುರು. ಬಿಸಿಲಿದ್ರ ಗಾಜು ಕಾಯ್ತದ, ಮೋಡ ಇದ್ರ ಥಂಡಿ ಹಿಡೀತದ, ಗಾಳಿ ಬಿಟ್ರ ಧೂಳು. ಹವಾ ಸರಿ ಇರೋ ದಿನ ಬರಲೇ ಇಲ್ಲ. ಹಂಗಂತ ಫೋಟೋ ತೆಗೀತಿದ್ದಿಲ್ಲ ಅಂತಲ್ಲ ಮತ್ತ! ಮದಿವಿ, ಮುಂಜಿ, ಹಬ್ಬ, ಎಲ್ಲಿ ಹೋದ್ರೂ ಮಂದಿನ್ನ ಸಾಲಾಗಿ ನಿಲ್ಲಿಸಿ, "ಹ್ಞಾಂ, ನಗ್ರಿ" ಅಂದು ಟಿಕ್ ಅನಿಸ್ತಿದ್ರು. ಒಳಗ ರೋಲ್ ಮಾತ್ರ ಇಲ್ಲ. ಯಾಕ ಅಂತ ಕೇಳಿದ್ರ, "ಶಟರಿಗೆ ರೂಢಿ ತಪ್ಪಬಾರದು" ಅಂತಿದ್ರು.

ಒಂದು ದಿನ ಅಕ್ಕಾರು, ಅಂದ್ರ ವಕೀಲರ ಹೆಂಡತಿಯವರು, ನಾವೆಲ್ಲಾ ಹಂಗೇ ಕರೀತಿದ್ವಿ, ಬಾಗಿಲದಾಗ ನಿಂತು ಕೇಳಿದ್ರು. "ಊರ ಮಂದಿದೆಲ್ಲಾ ತೆಗೀತೀರಿ, ನಂದೂ ಒಂದು ರೋಲ್ ಹಾಕಿ ತೆಗೀಬಾರದೇನ್ರಿ?"

"ಅಡಿಗಿಮನಿ ಹೊಗಿ ತಾಗಿದ್ರ ಗಾಜು ಹೋಗ್ತದ. ನೀ ಅದರ ಹತ್ರಾನೂ ಬರಬ್ಯಾಡ" ಅಂದು ವಕೀಲರು ಕ್ಯಾಮೆರಾನ ಸಂದೂಕದಾಗಿಟ್ಟು ಕೀಲಿ ಹಾಕಿದ್ರು. ಆ ಕೀಲಿ ಎಲ್ಲಿಡ್ತಾರ ಅನ್ನೋದು ಈ ಲೋಕದಾಗ ತಮಗೊಬ್ಬರಿಗೇ ಗೊತ್ತು ಅಂತ ಅವರ ನಂಬಿಕಿ. ಅಕ್ಕಾರು ನಕ್ಕೋತ ಒಳಗ ಹೋದ್ರು.

ಬಾಜೂಕಿನ ಕೊಹಿನೂರ ಹಳ್ಳಿಯ ಒಬ್ಬ ರೈತ ವಕೀಲರ ಕಕ್ಷಿದಾರ. ಮಗನ ಮದಿವ್ಯಾಗ ವಕೀಲರು ಬೀಗರನ್ನೆಲ್ಲಾ ನಿಲ್ಲಿಸಿ ಟಿಕ್ ಅನಿಸಿದ್ದನ್ನ ಅವನು ಖರೇನೇ ಅಂತ ನಂಬಿದ್ದ. ಸಂತಿ ದಿನ ತಪ್ಪದೇ ಬಂದು, "ಫೋಟೋ ಬಂದಾವೇನ್ರಿ?" ಅಂತ ಕೇಳ್ತಿದ್ದ. ಆರು ತಿಂಗಳಾದ ಮ್ಯಾಲೆ ಯಾರೋ ಅವನಿಗೆ ಒಳಗಿನ ಗುಟ್ಟು ಹೇಳಿದ್ರು. ಯಾರು ಅಂತ ಕೇಳಬ್ಯಾಡ್ರಿ, ನಾನೇ.

ಪ್ರತಿ ಸುಗ್ಗಿಗೆ ವಕೀಲರ ಮನಿಗೆ ಒಂದು ಚೀಲ ತೊಗರಿ ತಂದು ಕೊಡೋದು ಅವನ ಪದ್ಧತಿ. ಆ ವರ್ಷವೂ ಬಂದ. ಚೀಲ ಕೆಳಗಿಟ್ಟ. ವಕೀಲರು ಎತ್ತಿ ನೋಡಿದ್ರ ಖಾಲಿ!

"ಏನೋ ಇದು, ಖಾಲಿ ಚೀಲ ತಂದೀಯಲ್ಲ?"

"ಹೌದ್ರಿ ಸಾಹೇಬ್ರ. ಹೆಗಲಿಗೆ ರೂಢಿ ತಪ್ಪಬಾರದಂತ."

೨. ಫುಲ್ ಟಿಕೆಟ್

ಡಾಕ್ಟರ ಕ್ಯಾಮೆರಾ ಸಣ್ಣದು, ಅಂಗೈಯಾಗ ಕೂಡೋದು. ಅದನ್ನ ಅವರು ಕೂಸಿನ ಉಣ್ಣಿ ಟೊಪಿಗಿಯೊಳಗ ಸುತ್ತಿ ಇಡ್ತಿದ್ರು. ರೋಗಿಗಳ ನಾಡಿ ಹಿಡಿಯೋ ಮೊದಲು ಡೆಟಾಲ್ ಹಾಕಿ ಕೈ ತೊಳೀತಿದ್ರೋ ಇಲ್ಲೋ, ಕ್ಯಾಮೆರಾ ಮುಟ್ಟೋ ಮೊದಲು ಮಾತ್ರ ತಪ್ಪದೇ ತೊಳೀತಿದ್ರು.

ಐತವಾರಕ್ಕೊಮ್ಮೆ ಅದನ್ನ ತೊಗೊಂಡು ಹುಮನಾಬಾದಿನಿಂದ ಬಸ್ಸಿನಾಗ ನಮ್ಮೂರಿಗೆ ಬರ್ತಿದ್ರು. ಒಂದು ಐತವಾರ ಬಸ್ಸು ಗಚ್ಚ್ ಅಂತ ತುಂಬಿತ್ತು. ಡಾಕ್ಟರು ಕಿಡಕಿ ಬಾಜೂಕ, ಅವರ ಬಾಜೂಕ ಸಣ್ಣ ತಲಿದಿಂಬು, ಅದರ ಮ್ಯಾಲೆ ಉಣ್ಣಿ ಟೊಪಿಗಿ ಹಾಕ್ಕೊಂಡ ಕ್ಯಾಮೆರಾ. ಕಂಡಕ್ಟರ್ ಬಂದ.

"ತೊಡಿ ಮ್ಯಾಲೆ ಇಟ್ಕೊಳ್ರಿ ಡಾಕ್ಟರ್ ಸಾಹೇಬ್ರ, ಮಂದಿ ನಿಂತಾರ."

"ತೊಡಿ ಅಲುಗಾಡ್ತದ, ಒಳಗಿನ ಸ್ಪ್ರಿಂಗ್ ಕೆಡ್ತದ. ಅದಕ್ಕೂ ಒಂದು ಟಿಕೆಟ್ ಕೊಡ್ರಿ."

ಕಂಡಕ್ಟರನೂ ಚ್ಯಾಷ್ಟಿ ಮನುಷ್ಯ. "ಹಾಫ್ ಕೊಡ್ಲ್ಯಾ?" ಅಂದ.

ಡಾಕ್ಟರಿಗೆ ಸಿಟ್ಟು ಬಂತು. "ಹಾಫ್ ಯಾಕ? ಇಪ್ಪತ್ತೆರಡು ವರ್ಷ ಆಗ್ಯಾವ ಇದಕ್ಕ!"

ಕಂಡಕ್ಟರ್ ಫುಲ್ ಟಿಕೆಟ್ ಹರಿದು ಕೊಟ್ಟ. ಮುಂದಿನ ಸ್ಟಾಪಿನಾಗ ಒಬ್ಬ ಮುದುಕ ಏರಿದ. ಕುಂಡ್ರಾಕ ಜಾಗಾ ಕೇಳಿದ. ಕಂಡಕ್ಟರ್ ಟೊಪಿಗಿ ಕಡೆ ಕೈ ಮಾಡಿ, "ಅವರು ಫುಲ್ ಟಿಕೆಟ್ ತೊಗೊಂಡಾರ ಅಜ್ಜಾ, ಎಬ್ಬಿಸಾಕ ಬರಂಗಿಲ್ಲ" ಅಂದ.

ಮುದುಕ ಕ್ಯಾಮೆರಾನ ನೋಡಿದ, ಡಾಕ್ಟರನ್ನ ನೋಡಿದ. "ಹಂಗಾದ್ರ ಡಾಕ್ಟರ್ರ, ನೀವೇ ಏಳ್ರಿ. ಹರೇದವರು ಅದೀರಿ."

ಡಾಕ್ಟರು ಎದ್ರು! ಬಸವಕಲ್ಯಾಣದ ತನಕ ಸರಳು ಹಿಡಕೊಂಡು ನಿಂತು ಬಂದ್ರು. ಇಳಿದ ಮ್ಯಾಲೆ ನನಗ ಹೇಳಿದ ಮೊದಲ ಮಾತು, "ಪಾಪ, ಅದಕ್ಕ ದಣಿವು ಆಗಲಿಲ್ಲ."

೩. ಟಿಕ್ಕಿನ ಮೆಹಫಿಲ್

ಇಬ್ಬರೂ ಐತವಾರ ಕೂಡ್ತಿದ್ದದ್ದು ನನ್ನ ಸ್ಟುಡಿಯೋದಾಗ. ಮಾಡ್ತಿದ್ದ ಕೆಲಸ ಏನಂತೀರಿ? ಕ್ಯಾಮೆರಾದ ಸಪ್ಪಳ ಕೇಳೋದು. ವಕೀಲರು ತಮ್ಮದನ್ನ ಟಿಕ್ ಅನಿಸಿ ಕಣ್ಣು ಮುಚ್ಚೋದು. ಡಾಕ್ಟರು ತಮ್ಮದನ್ನ ಟಿಕ್ ಅನಿಸಿ "ಆಹಾ" ಅನ್ನೋದು. ಸಂಗೀತದ ಕಛೇರಿಯೊಳಗ ತಲಿ ಆಡಿಸ್ತಾರಲ್ಲ, ಹಂಗ. ಪಂಚ ಯಾರು? ನಾನು.

ನನಗ ಫಜೀತಿ. ಡಾಕ್ಟರದು ಚಲೋ ಅಂದ್ರ ವಕೀಲರು ತಮ್ಮ ಕ್ಯಾಮೆರಾ ಎಂದೂ ಕೈಗೆ ಕೊಡಂಗಿಲ್ಲ. ವಕೀಲರದು ಚಲೋ ಅಂದ್ರ ಡಾಕ್ಟರು ಮುಂದಿನ ಸಲ ನನಗ ಚುಚ್ಚೋ ಸೂಜಿ ದೊಡ್ಡದಾಗ್ತದ. "ಒಂದು ಬೆಣ್ಣಿ, ಒಂದು ತುಪ್ಪ" ಅಂದು ತಪ್ಪಿಸಿಕೊಂಡೆ. ತಪ್ಪಿಸಿಕೊಳ್ಳೋದು ಎಲ್ಲಿ ಬಂತು! ಬೆಣ್ಣಿ ಹೆಚ್ಚೋ ತುಪ್ಪ ಹೆಚ್ಚೋ ಅಂತ ಒಂದು ತಾಸು ಜಗಳ ಆತು. ನಡುನಡುವ ಸಾಕ್ಷಿಗಂತ ಟಿಕ್, ಟಿಕ್, ಟಿಕ್.

ಈ ಗದ್ದಲದಾಗ ನಾನು ಮರೆತೇ ಬಿಟ್ಟಿದ್ದೆ. ಫೋಟೋಕ್ಕಂತ ಒಬ್ಬಾಕಿ ಮುದುಕಿನ್ನ ಸ್ಟೂಲಿನ ಮ್ಯಾಲೆ ಕುಂಡ್ರಿಸಿ, "ಅಲುಗಾಡಬ್ಯಾಡ ಬೇ" ಅಂತ ಹೇಳಿ ಬಂದಿದ್ದೆ. ಓಡಿಹೋಗಿ ನೋಡಿದ್ರ, ಪುಣ್ಯಾತಗಿತ್ತಿ ಕುತ್ತಿಗಿ ಸೆಟೆದು ಹಂಗೇ ಕುಂತಾಳ.

"ಇನ್ನ ಒಂದೇ ಒಂದು ಬೇ, ಈಗ ತೆಗೀತೀನಿ" ಅಂದೆ.

ಮುದುಕಿ ದವಡಿ ತಿಕ್ಕೋತ ಅಂದಳು, "ಟಿಕ್ ಅಂದಾಗೊಮ್ಮೆ ಹಲ್ಲು ಕಿಸದೀನಿ ನನ್ನಪ್ಪಾ, ನಲವತ್ತಾದ್ವು. ಇದ್ದದ್ದೊಂದು ಮಾರಿ, ಎಷ್ಟಂತ ತೆಗೀತಿ?"

೪. ಭಾಳ ಚಲೋ ಬಂದೀನಿ

ವಕೀಲರ ಕ್ಯಾಮೆರಾದಿಂದ ಊರಿನಾಗ ಯಾರೂ ಒಂದು ಫೋಟೋ ನೋಡಿದ್ದಿಲ್ಲ. ಆದ್ರ ಆ ಕ್ಯಾಮೆರಾದ್ದೇ ಫೋಟೋ ಹತ್ತು ನಾನು ತೆಗದೀನಿ. ಪ್ರತಿ ದೀಪಾವಳಿಗೆ ವಕೀಲರು ಕರಿಕೋಟು ಹಾಕ್ಕೊಂಡು, ಅದನ್ನ ಕೈಯಾಗ ಹಿಡಕೊಂಡು, ನನ್ನ ಕಟ್ಟಿಗಿ ಡಬ್ಬಿಯ ಮುಂದ ಕುಂಡ್ರತಿದ್ರು. ಒಂದು ವರ್ಷ ನನ್ನ ಕಣ್ಣೂ ಆ ಕ್ಯಾಮೆರಾದ ಮ್ಯಾಲೇ ಇದ್ದದ್ದಕ್ಕ ವಕೀಲರ ತಲಿ ಮೂಗಿನ ತನಕ ಕಟ್ ಆಗಿಬಿಡ್ತು. ಕ್ಯಾಮೆರಾ ಮಾತ್ರ ಪೂರ್ತಿ, ಝಗಝಗ. ಹೆದರಿಕೋತ ಕೊಟ್ಟೆ.

ವಕೀಲರು ಬೆಳಕಿಗೆ ಹಿಡಿದು ನೋಡಿ, "ಭಾಳ ಚಲೋ ಬಂದೀನಿ" ಅಂದ್ರು.

೫. ಹನ್ನೊಂದನೇ ನಂಬರು

ಈಗ ಕಡೀದು. ತಾಲೂಕ ಕಚೇರಿಗೆ ಹೊಸದಾಗಿ ಬಂದ ಸಾಹೇಬರೊಬ್ಬರು ಗೋಡಿಗೆ ತೂಗು ಹಾಕಾಕ ನಮ್ಮೂರ ಕೋಟಿಯ, ಅಂದ್ರ ಹಳೇ ಕಿಲ್ಲೆಯ, ಫೋಟೋ ಬೇಕಂದ್ರು. "ನಾನು ಕೊಡ್ತೀನಿ" ಅಂದ್ರು ವಕೀಲರು. ಸುದ್ದಿ ಕೇಳಿ ಡಾಕ್ಟರು ಹುಮನಾಬಾದಿನಿಂದ ಓಡಿ ಬಂದ್ರು. "ನಾನೂ ಕೊಡ್ತೀನಿ!"

ಮೊದಲ ಪಾಳಿ ಡಾಕ್ಟರದು. ಅವರ ಕ್ಯಾಮೆರಾಕ್ಕ ನಾನೇ ರೋಲ್ ಹಾಕಿಕೊಟ್ಟೆ. ಕೋಟಿ ಮುಂದ ನಿಂತು ಮೂವತ್ತಾರು ಫೋಟೋ ತೆಗೆದ್ರು. ತೆಗೆದವರು, ಬಿದ್ದಾವೋ ಇಲ್ಲೋ ಖಾತ್ರಿ ಮಾಡಿಕೊಳ್ಳಾಕ ಅಲ್ಲೇ ಸುಡುಸುಡು ಬಿಸಿಲಾಗ ಹಿಂದಿನ ಬಾಗಿಲಾ ತೆಗೆದು, ರೋಲ್ ಪೂರಾ ಎಳೆದು ಸೂರ್ಯಾಗ ಹಿಡಿದು ನೋಡಿದ್ರು! ಬೆಳಕು ಬಡಿದು ಮೂವತ್ತಾರೂ ಸ್ವಾಹಾ.

ಈಗ ವಕೀಲರ ಮರ್ಯಾದಿ ಪ್ರಶ್ನೆ. ನನಗ ಹೇಳಿಕಳಿಸಿದ್ರು, "ಒಂದು ರೋಲ್ ತೊಗೊಂಡು ಬಾ." ಹತ್ತು ವರ್ಷದ ಮ್ಯಾಲೆ ಆ ಮಾತು ಕೇಳಿ ನಾನು ಬಜಾರದಾಗ ಓಡೇ ಬಿಟ್ಟೆ. ಮನಿಯೊಳಗ ಡಾಕ್ಟರೂ ಕುಂತಿದ್ರು, ಸೋತವರ ಮಾರಿ ಹಾಕ್ಕೊಂಡು.

ಕ್ಯಾಮೆರಾ ಕೈಗೆ ಬಂತು. ತಿರುವಿ ನೋಡಿದೆ. ಬೆನ್ನಿಗೆ ಒಂದು ಕೆಂಪು ಗಾಜಿನ ಸಣ್ಣ ಕಿಂಡಿ. ಒಂದು ಫೋಟೋ ತೆಗೆದು ಬಾಜೂಕಿನ ಗುಂಡಿ ತಿರುವಿದ್ರ, ಒಳಗಿನ ರೋಲಿನ ಮುಂದಿನ ನಂಬರು ಅಲ್ಲಿ ಕಾಣ್ತದ. ಖಾಲಿ ಕ್ಯಾಮೆರಾದಾಗ ಏನೂ ಕಾಣಬಾರದು. ಆದ್ರ ಅಲ್ಲಿ ಹನ್ನೊಂದು ಅಂತ ಅದ!

"ಸಾಹೇಬ್ರ, ಒಳಗ ರೋಲ್ ಅದರಿ. ಹನ್ನೊಂದು ಫೋಟೋ ತನಕ ಬಂದದ."

ವಕೀಲರು ಗಾಬರಿ. "ಸಾಧ್ಯನೇ ಇಲ್ಲ. ನಾನು ಜನ್ಮದಾಗ ರೋಲ್ ಹಾಕಿಲ್ಲ!" ಅಂದವರು, ಥಟ್ಟನೆ ಕಣ್ಣು ದೊಡ್ಡದು ಮಾಡಿದ್ರು. "ಜಾಗೀರದಾರರದು! ನಿಜಾಮರ ಕಾಲದ ಫೋಟೋ ಇರಬೇಕು!"

ಡಾಕ್ಟರು ಸೋತದ್ದು ಮರೆತು ಎದ್ದು ನಿಂತ್ರು. "ಅರಮನಿ, ಆನಿ, ಬೇಗಂರು, ಏನೇನವೋ ಯಾರಿಗೆ ಗೊತ್ತು!"

ಅಷ್ಟರಾಗ ಅಕ್ಕಾರು ಚಹಾ ತಂದ್ರು. ಕಪ್ಪು ಬಶಿ ಇಟ್ಕೋತ ಅಂದ್ರು, "ಬೇಗಂರೂ ಇಲ್ಲ, ಆನಿಯೂ ಇಲ್ಲ. ಅದು ನನ್ನ ರೋಲ್."

ವಕೀಲರು ಸಂದೂಕದ ಕಡೆ ಕೈ ಮಾಡಿದ್ರು.

"ನಿಂದು ಹ್ಯಾಂಗಾಗ್ತದ? ಸಂದೂಕಕ್ಕ ಕೀಲಿ ಹಾಕೀನಿ. ಆ ಕೀಲಿ ಯಾರಿಗೂ ಸಿಗದ ಜಾಗಾದಾಗ ಇಟ್ಟೀನಿ!"

"ಹೌದು, ಅಡಿಗಿಮನ್ಯಾಗ ತೊಗರಿಬ್ಯಾಳಿ ಡಬ್ಬಿಯೊಳಗ. ನಿಮಗ ಅಡಿಗಿಮನಿ ಅಂದ್ರ ಯಾರೂ ಹೋಗದ ಕಾಡು. ನಾನು ದಿನಾ ಆ ಬ್ಯಾಳಿ ಬೇಸಾಕಿ."

ಆಮ್ಯಾಲೆ ಎಲ್ಲಾ ಬಿಚ್ಚಿ ಹೇಳಿದ್ರು. ಕ್ಯಾಮೆರಾದ ಜೋಡಿ ಬಂದಿದ್ದ ಪುಸ್ತಕದಾಗಿನ ಚಿತ್ರ ನೋಡಿ ಕಲಿತದ್ದು. ವಕೀಲರು ಕೋರ್ಟಿಗೆ ಹೋದ ಮ್ಯಾಲೆ ಮಾಳಗಿ ಮ್ಯಾಲೆ ಹತ್ತಿ ತೆಗೀತಿದ್ದದ್ದು. ಹೈದರಾಬಾದಿನಾಗಿರೋ ಅವರ ತಮ್ಮನೇ ರೋಲ್ ಕಳಿಸಿ, ತೊಳೆಸಿ ಕೊಡ್ತಿದ್ದದ್ದು. ನಿನ್ನೆ ಮಧ್ಯಾಹ್ನ ಹನ್ನೊಂದನೇದು ತೆಗೆದದ್ದು, ವಕೀಲರು ನಿದ್ದಿಯಿಂದ ಎದ್ದುಬಿಟ್ಟದ್ದಕ್ಕ ರೋಲ್ ಒಳಗೇ ಉಳಿದದ್ದು. ಆರು ವರ್ಷದ ಕಸುಬು! ವಕೀಲರು ಬಾಯಿ ತೆರೆದವರು ಮುಚ್ಚಲೇ ಇಲ್ಲ.

ಅಕ್ಕಾರು ನನ್ನ ಕಡೆ ತಿರುಗಿದ್ರು. "ಪಾಪ, ನೀವೂ ಇದನ್ನ ನೋಡಿ ನೋಡಿ ಜೊಲ್ಲು ಸುರಿಸ್ತೀರಿ. ಇನ್ನೊಂದು ಫೋಟೋ ಉಳಿದದ. ಇವರ ಈ ಮಾರಿ ಮತ್ತ ಸಿಗಂಗಿಲ್ಲ. ತೆಗೀರಿ!"

ನೆತ್ತಿಯ ಮುಚ್ಚಳ ತೆಗೆದೆ. ಬಗ್ಗಿ ನೋಡಿದೆ. ಗಾಜಿನ ಮ್ಯಾಲೆ ಬಾಯಿ ತೆರೆದ ವಕೀಲರು. ಒತ್ತಿದೆ. ಟಿಕ್. ಖರೇ ಹೇಳ್ತೀನಿ, ನನ್ನ ಮದಿವಿ ದಿನವೂ ಅಷ್ಟು ಸಂತೋಷ ಆಗಿದ್ದಿಲ್ಲ.

ರೋಲ್ ನಾನೇ ತೊಳೆದೆ. ಮಾಳಗಿಯಿಂದ ತೆಗೆದ ಕೋಟಿಯ ಫೋಟೋ ಎಂಥಾದ್ದು ಬಂದಿತ್ತಂತೀರಿ! ಕಚೇರಿ ಗೋಡಿಗೆ ಅದೇ ಏರಿತು, ಕೆಳಗ ಅಕ್ಕಾರ ಹೆಸರು ಸಮೇತ. ಆದ್ರ ಹನ್ನೆರಡನೇದು ಪೂರಾ ಖಾಲಿ. ಹನ್ನೊಂದನೇದು ನೋಡಿದೆ. ವರ್ಷಾನುಗಟ್ಟಲೆ ಪ್ಲೇಟು ತುರುಕಿ ಎಳೆದ ಕೈ ನೋಡ್ರಿ ನಂದು, ಗುಂಡಿ ತಿರುವೋದನ್ನ ಮರೆತಿತ್ತು! ಅಕ್ಕಾರು ತೆಗೆದ ಫೋಟೋದ ಮ್ಯಾಲೇ ನಂದೂ ಬಿದ್ದಿತ್ತು. ಅಕ್ಕಾರು ತೆಗೆದದ್ದು, ಕ್ಯಾಮೆರಾದ ಖಾಲಿ ಚರ್ಮದ ಚೀಲ ಅಪ್ಪಿಕೊಂಡು ಗೊರಕಿ ಹೊಡಿಯಾಕತ್ತಿದ್ದ ವಕೀಲರು. ಅವರ ಬಾಜೂಕೇ, ಬಾಯಿ ತೆರೆದು ಕುಂತ ನನ್ನ ವಕೀಲರು. ಒಂದೇ ಫೋಟೋದಾಗ ಇಬ್ಬರು!

ಹತ್ತು ವರ್ಷ ಕಾದು, ಸಿಕ್ಕ ಒಂದೇ ಫೋಟೋ ಹಿಂಗ ಮಾಡಿದೆನಲ್ಲ ಅಂತ ಅಳು ಬಂತು. ಕೊಡದೇ ಗತಿ ಇಲ್ಲ. ಐತವಾರ ಎಲ್ಲರೂ ಕೂಡಿದಾಗ ತಲಿ ತೆಗ್ಗಿಸಿ ಮುಂದಿಟ್ಟೆ.

ವಕೀಲರು ಮೂಗಿನ ಮ್ಯಾಲಿನ ಚಾಳೀಸು ಏರಿಸಿ ನೋಡಿದ್ರು. ಇಳಿಸಿ ನೋಡಿದ್ರು. ಅವರ ಮಾರಿ ಮ್ಯಾಲೆ ನಗು ಮೂಡಿತು. ಡಾಕ್ಟರ ಕಡೆ ತಿರುಗಿ ಎದಿ ಉಬ್ಬಿಸಿದ್ರು.

"ನೋಡ್ರಿ ಡಾಕ್ಟರ್ ಸಾಹೇಬ್ರ! ನಿಮ್ಮ ಕ್ಯಾಮೆರಾ ಮೂವತ್ತಾರು ಸಲ ಟಿಕ್ ಅಂದ್ರೂ ಒಂದು ಕೋಟಿ ಬರಲಿಲ್ಲ. ನಂದು ಒಬ್ಬನೇ ಕುಂತಿದ್ರ ಇಬ್ಬರನ್ನ ತೆಗೀತದ!"

ಅಕ್ಕಾರು ಫೋಟೋ ಎತ್ತಿಕೊಂಡು ಒಂದು ಸಲ ನೋಡಿ, ಡಾಕ್ಟರ ಕೈಗೆ ಕೊಟ್ರು.

"ಒಬ್ಬರನ್ನ ಸಂಭಾಳಿಸೋದೇ ನನಗ ಸಾಕಾಗೇದ. ಈ ಇನ್ನೊಬ್ಬರನ್ನ ನೀವು ಹುಮನಾಬಾದಿಗೆ ಕರಕೊಂಡು ಹೋಗಿಬಿಡ್ರಿ ಡಾಕ್ಟರ್ರ. ಬಸ್ಸಿನಾಗ ಫುಲ್ ಟಿಕೆಟ್ ಮಾತ್ರ ಮರೀಬ್ಯಾಡ್ರಿ."